ಸ್ಕಾಚ್ ವಿಸ್ಕಿಯನ್ನು ಸವಿದು ಟಿಪ್ಪಣಿ ಬರೆದಿಡುವ ಬಗೆ

ಸ್ಕಾಚ್ ವಿಸ್ಕಿಗಳ ರುಚಿಯನ್ನು ಬರೆದಿಡಲೆಂದು ನಾನು ಇಟ್ಟುಕೊಂಡ ಮೊದಲ ನೋಟ್‌ಪುಸ್ತಕದ ಆರಂಭದ ಹತ್ತು ಪುಟಗಳು ಇಂದು ಯಾವ ಉಪಯೋಗಕ್ಕೂ ಬರುವುದಿಲ್ಲ. 'ಹೀದರ್ ಹೂವಿನ ಜೇನು, ಟಾಫಿ, ಒಣಹಣ್ಣಿನ ಕೇಕ್' ಎಂದೆಲ್ಲ ಅಲ್ಲಿ ಬರೆದಿದೆ. ಆದರೆ ಆ ಹೊತ್ತಿಗೆ ನಾನು ಹೀದರ್ ಹೂವನ್ನು ಒಮ್ಮೆಯೂ ಮೂಸಿರಲಿಲ್ಲ. ಬಾಟಲಿಯ ಡಬ್ಬದ ಮೇಲೆ ಅಚ್ಚಾಗಿದ್ದುದನ್ನು ಓದಿ, ಅದನ್ನೇ ಲೋಟದಲ್ಲಿ ಹುಡುಕಿ, ಸಿಕ್ಕಿತೆಂದು ನಂಬಿ ಬರೆದುಕೊಂಡಿದ್ದೆ. ಹನ್ನೊಂದನೆಯ ಪುಟದಲ್ಲಿ ಮಾತ್ರ, ಬಹುಶಃ ಬೇಸರದಿಂದಲೇ ಇರಬೇಕು, 16 ವರ್ಷದ ಲಗವೂಲಿನ್ ಬಗ್ಗೆ 'ಆರುತ್ತಿರುವ ಒಲೆಯ ಬೂದಿಗೆ ನೀರು ಚಿಮುಕಿಸಿದ ಹಾಗೆ' ಎಂದು ಒಂದೇ ಸಾಲು ಗೀಚಿದ್ದೇನೆ. ಆ ಸಾಲನ್ನು ಓದಿದರೆ ಆ ವಿಸ್ಕಿ ಈಗಲೂ ಮೂಗಿಗೆ ಬರುತ್ತದೆ, ಹಿಂದಿನ ಹತ್ತು ಪುಟಗಳನ್ನು ಓದಿದರೆ ಡಬ್ಬದ ಚಿತ್ರ ಮಾತ್ರ ಕಣ್ಣಿಗೆ ಬರುತ್ತದೆ. ಅಂಥ ಒಂದು ಸಾಲನ್ನು ಬರೆಯುವ ಹಂತಕ್ಕೆ ತಲುಪುವುದು ಹೇಗೆ ಎಂಬುದನ್ನು, ನನ್ನ ತಪ್ಪುಗಳನ್ನೂ ಸೇರಿಸಿಕೊಂಡು, ಇಲ್ಲಿ ವಿವರಿಸುತ್ತೇನೆ.

ಲೋಟಕ್ಕೆ ಸುರಿಯುವ ಮುನ್ನ ಲೇಬಲ್ಲನ್ನು ಓದಬೇಕು. ಆದರೆ ಅದರಲ್ಲಿರುವ ರುಚಿಯ ವರ್ಣನೆಯನ್ನಲ್ಲ, ಕಾನೂನಿಗೆ ಸಂಬಂಧಪಟ್ಟ ಸಂಗತಿಗಳನ್ನು ಮಾತ್ರ. 2009ರ ಸ್ಕಾಚ್ ವಿಸ್ಕಿ ನಿಯಮಾವಳಿಯ ಪ್ರಕಾರ, ಸ್ಕಾಟ್ಲೆಂಡಿನಲ್ಲಿಯೇ ಭಟ್ಟಿ ಇಳಿಸಿ, 700 ಲೀಟರಿಗೆ ಮೀರದ ಓಕ್ ಪೀಪಾಯಿಗಳಲ್ಲಿ ಅಲ್ಲಿಯೇ ಕನಿಷ್ಠ 3 ವರ್ಷ ಮಾಗಿಸಿ, ಶೇ. 40ಕ್ಕೆ ಕಡಿಮೆಯಿಲ್ಲದ ಮದ್ಯಸಾರದೊಂದಿಗೆ ಬಾಟಲಿಗೆ ತುಂಬಿದುದನ್ನು ಮಾತ್ರ ಸ್ಕಾಚ್ ಎಂದು ಕರೆಯಬಹುದು. ನೀರನ್ನೂ ಬಣ್ಣಕ್ಕಾಗಿ ಸಾದಾ ಕ್ಯಾರಮೆಲ್ಲನ್ನೂ ಬಿಟ್ಟರೆ ಅದಕ್ಕೆ ಬೇರೇನನ್ನೂ ಸೇರಿಸುವಂತಿಲ್ಲ. ಆದ್ದರಿಂದ ಲೋಟದಲ್ಲಿ ನಿಮಗೆ ಬಾಳೆಹಣ್ಣಾಗಲಿ ವೆನಿಲ್ಲಾ ಆಗಲಿ ಆಸ್ಪತ್ರೆಯ ಬ್ಯಾಂಡೇಜಾಗಲಿ ಕಂಡರೆ ಅದನ್ನು ಯಾರೂ ಬೆರೆಸಿದ್ದಲ್ಲ. ಧಾನ್ಯ, ಯೀಸ್ಟ್, ಧಾನ್ಯಕ್ಕೆ ಹಿಡಿಸಿದ ಹೊಗೆ, ಹಂಡೆಯ ತಾಮ್ರ ಮತ್ತು ಪೀಪಾಯಿಯ ಮರ ಇವುಗಳ ನಡುವೆಯೇ ಅದು ಹುಟ್ಟಿರಬೇಕು. ಇದೇ ನಿಯಮದ ಇನ್ನೊಂದು ಪರಿಣಾಮವೆಂದರೆ ಬಣ್ಣವನ್ನು ನಂಬುವಂತಿಲ್ಲ. ಕಡು ಕಂದು ಬಣ್ಣದ ವಿಸ್ಕಿ ಹಳೆಯದೂ ಇರಬಹುದು, ಶೆರಿ ಎಂಬ ಸ್ಪೇನಿನ ವೈನಿನ ಪೀಪಾಯಿಯಿಂದ ಬಂದದ್ದೂ ಇರಬಹುದು, ಕ್ಯಾರಮೆಲ್ ಸುರಿಸಿಕೊಂಡದ್ದೂ ಇರಬಹುದು. ಬಹಳ ಮಂದಿ ಟಿಪ್ಪಣಿಯನ್ನು ಬಣ್ಣದಿಂದಲೇ ಆರಂಭಿಸುತ್ತಾರೆ. ನಾನು ಅದನ್ನು ಬಿಟ್ಟು ವರ್ಷಗಳಾದವು, ಏಕೆಂದರೆ 'ಕಡು ಕಂದು' ಎಂದು ಒಮ್ಮೆ ಬರೆದ ಮೇಲೆ ಮೂಗು ತಾನಾಗಿಯೇ ಒಣದ್ರಾಕ್ಷಿಯನ್ನು ಹುಡುಕತೊಡಗುತ್ತದೆ.

ಲೇಬಲ್ಲಿನಲ್ಲಿ ಗಮನಿಸಬೇಕಾದ ಇನ್ನೂ ಮೂರು ಸಂಗತಿಗಳಿವೆ. ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ತಾಮ್ರದ ಹಂಡೆಗಳಲ್ಲಿ ಇಳಿಸಿದುದು ಸಿಂಗಲ್ ಮಾಲ್ಟ್. ಮಾಲ್ಟ್ ವಿಸ್ಕಿಗಳನ್ನು ಧಾನ್ಯದ ಹಗುರ ವಿಸ್ಕಿಗಳೊಡನೆ ಬೆರೆಸಿದುದು ಬ್ಲೆಂಡ್. ವಯಸ್ಸನ್ನು ನಮೂದಿಸಿದ್ದರೆ ಅದು ಆ ಬಾಟಲಿಯೊಳಗಿನ ಅತಿ ಕಿರಿಯ ವಿಸ್ಕಿಯ ವಯಸ್ಸೇ ಹೊರತು ಸರಾಸರಿಯಲ್ಲ. ಮದ್ಯಸಾರ ಶೇ. 46 ಅಥವಾ ಅದಕ್ಕಿಂತ ಹೆಚ್ಚಿದ್ದು, ತಣ್ಣಗಾಗಿಸಿ ಸೋಸಿಲ್ಲವೆಂದು ಬರೆದಿದ್ದರೆ, ನೀರು ಬೆರೆಸಿದಾಗ ಅದು ಸ್ವಲ್ಪ ಕದಡಿದಂತೆ ಮಬ್ಬಾಗಬಹುದು. ಅದು ದೋಷವಲ್ಲ, ಸೋಸಿ ತೆಗೆಯದೆ ಬಿಟ್ಟ ಜಿಡ್ಡಿನಂಶ ಹಾಗೆ ಕಾಣಿಸಿಕೊಳ್ಳುತ್ತದೆ, ಬಾಯಿಗೆ ಅದು ದಪ್ಪವಾಗಿಯೂ ನುಣುಪಾಗಿಯೂ ಸಿಗುತ್ತದೆ.

ಲೋಟ ಯಾವುದಾದರೂ ಆದೀತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಾಯಿ ಅಗಲವಾಗಿರುವ ಲೋಟದಲ್ಲಿ ಸುವಾಸನೆ ನಿಲ್ಲುವುದಿಲ್ಲ. ಹೊಟ್ಟೆ ಉಬ್ಬಿ ಕೊರಳು ಕಿರಿದಾಗುವ ಟ್ಯುಲಿಪ್ ಆಕಾರದ ಲೋಟ ಬೇಕು. 2001ರಲ್ಲಿ ಮಾರುಕಟ್ಟೆಗೆ ಬಂದ ಗ್ಲೆನ್‌ಕೇರ್ನ್ ಲೋಟವನ್ನು ಇದಕ್ಕೆಂದೇ ರೂಪಿಸಲಾಗಿದೆ, ಶೆರಿ ಕುಡಿಯುವ ಸಣ್ಣ ಕೊಪೀಟಾ ಲೋಟವೂ ಇದೇ ಕೆಲಸ ಮಾಡುತ್ತದೆ. ಒಂದು ಲೋಟಕ್ಕೆ 15 ಮಿಲಿಲೀಟರು ಸಾಕು, ಹೆಚ್ಚೆಂದರೆ 20. ಒಂದು ಸಂಜೆಗೆ ಮೂರು, ತಪ್ಪಿದರೆ ನಾಲ್ಕು ವಿಸ್ಕಿಗಳಿಗೆ ನಿಲ್ಲಿಸಬೇಕು; ಆಮೇಲೆ ಮೂಗು ಮಂದವಾಗುತ್ತದೆ, ಕೈಬರಹ ಕೆಡುತ್ತದೆ, ಎಲ್ಲ ವಿಸ್ಕಿಗಳೂ ಅದ್ಭುತವೆನಿಸತೊಡಗುತ್ತವೆ. ಹೊಗೆಯಿಲ್ಲದುದು ಮೊದಲು, ಹೊಗೆಯದು ಕೊನೆಗೆ. ತೆಳುವಾದುದು ಮೊದಲು, ಕಟುವಾದುದು ಆಮೇಲೆ. ಊಟವಾದ ಕೂಡಲೇ ಅಥವಾ ಕಾಫಿ ಕುಡಿದ ಬೆನ್ನಿಗೇ ಕೂರಬಾರದು, ನೆಗಡಿಯ ದಿನ ಪುಸ್ತಕವನ್ನು ತೆರೆಯಲೇಬಾರದು. ಮಂಜುಗಡ್ಡೆಯ ಬಗ್ಗೆ ನನಗೆ ಮಡಿವಂತಿಕೆಯಿಲ್ಲ, ಕುಡಿಯುವುದಕ್ಕೆ ಅದು ಹಿತವೇ. ಆದರೆ ತಣ್ಣಗಾದ ವಿಸ್ಕಿಯಿಂದ ಪರಿಮಳ ಮೇಲೇಳುವುದಿಲ್ಲವಾದ್ದರಿಂದ ಟಿಪ್ಪಣಿ ಬರೆಯುವಾಗ ಅದನ್ನು ದೂರವಿಡುವುದು ಒಳ್ಳೆಯದು. ಸ್ಕಾಟ್ಲೆಂಡಿನ ಭಟ್ಟಿಗಳನ್ನು ಸುತ್ತುತ್ತ ಸವಿಯುವವರು ಇನ್ನೊಂದು ಮಾತನ್ನು ನೆನಪಿಡಬೇಕು: ವಾಹನ ಚಾಲಕರ ರಕ್ತದಲ್ಲಿರಬಹುದಾದ ಮದ್ಯದ ಮಿತಿ ಅಲ್ಲಿ 2014ರ ಡಿಸೆಂಬರ್‌ನಿಂದ 100 ಮಿಲಿಲೀಟರಿಗೆ 50 ಮಿಲಿಗ್ರಾಮ್ ಮಾತ್ರ, ಇಂಗ್ಲೆಂಡಿನಲ್ಲಿರುವುದಕ್ಕಿಂತ ಕಡಿಮೆ. ವಾಹನ ಓಡಿಸುವವರಿಗೆ ಅವರ ಪಾಲನ್ನು ಪುಟ್ಟ ಸೀಸೆಗಳಲ್ಲಿ ತುಂಬಿಕೊಡುವ ಪದ್ಧತಿ ಅಲ್ಲಿನ ಹಲವು ಭಟ್ಟಿಗಳಲ್ಲಿದೆ, ಕೇಳಲು ಸಂಕೋಚಪಡಬೇಕಾಗಿಲ್ಲ.

ಲೋಟವನ್ನು ತೊಳೆಯುವ ವಿಷಯ ಕ್ಷುಲ್ಲಕವೆಂದು ತೋರಬಹುದು. ಒಂದು ಸಂಜೆ ಮೂರು ಬೇರೆ ಬೇರೆ ವಿಸ್ಕಿಗಳಿಗೂ 'ನಿಂಬೆಯ ಸಿಪ್ಪೆ, ತಾಜಾತನ' ಎಂದು ಬರೆದೆ. ಸ್ಕಾಟ್ಲೆಂಡಿನ ಬೇರೆ ಬೇರೆ ಪ್ರದೇಶಗಳ ವಿಸ್ಕಿಗಳವು: ಒಂದು ಸ್ಪೇಸೈಡಿನದು, ಒಂದು ಲೋಲೆಂಡಿನದು, ಮೂರನೆಯದು ಹೊಗೆ ತುಂಬಿದ ಐಲಾ ದ್ವೀಪದ್ದು. ಮೂರರಲ್ಲಿಯೂ ಅದೇ ನಿಂಬೆ ಇರುವುದನ್ನು ಕಂಡು ನನ್ನ ಮೂಗು ಹರಿತವಾಗುತ್ತಿದೆಯೆಂದು ಒಳಗೊಳಗೇ ಹಿಗ್ಗಿದ್ದೂ ಉಂಟು. ನಾಲ್ಕನೆಯ ಲೋಟವನ್ನು ಕೈಗೆತ್ತಿಕೊಂಡು, ಸುರಿಯುವ ಮೊದಲೇ ಅಭ್ಯಾಸಬಲದಿಂದ ಮೂಸಿದಾಗ, ಖಾಲಿ ಲೋಟದಲ್ಲಿಯೂ ಅದೇ ನಿಂಬೆಯಿತ್ತು. ಪಾತ್ರೆ ತೊಳೆಯುವ ಸೋಪಿನ ವಾಸನೆ ಅದು. ಅಂದಿನಿಂದ ಲೋಟಗಳನ್ನು ಬರಿಯ ಬಿಸಿನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಆರಿಸಿ, ಪ್ರತಿ ಬಾರಿಯೂ ಖಾಲಿ ಲೋಟವನ್ನು ಮೊದಲು ಮೂಸುತ್ತೇನೆ. ಮುಚ್ಚಿದ ಕಪಾಟಿನಿಂದ ತೆಗೆದ ಲೋಟಕ್ಕೆ ಮರದ ಮುಗ್ಗಲು ವಾಸನೆಯೂ ಅಂಟಿರುತ್ತದೆ. ಅದನ್ನು ಓಕ್ ಪೀಪಾಯಿಯ ಗುಣವೆಂದು ಹೊಗಳಿ ಬರೆಯುವ ಅಪಾಯವಿದೆ.

ಸುರಿದ ಮೇಲೆ ಐದು ನಿಮಿಷ ಸುಮ್ಮನೆ ಬಿಡಬೇಕು. ಲೋಟವನ್ನು ವೈನಿನಂತೆ ಗಿರಗಿರನೆ ತಿರುಗಿಸಿದರೆ ಮದ್ಯಸಾರದ ಘಾಟು ಒಮ್ಮೆಗೇ ಮೇಲೆದ್ದು ಮೂಗನ್ನು ಮರಗಟ್ಟಿಸುತ್ತದೆ. ಹಾಗೆಯೇ ಮೂಗನ್ನು ಲೋಟದೊಳಗೆ ತೂರಿಸಿ ದೀರ್ಘವಾಗಿ ಎಳೆದುಕೊಳ್ಳುವುದೂ ತಪ್ಪು. ಮೊದಲು ಲೋಟವನ್ನು ಗಲ್ಲದ ಹತ್ತಿರ ಹಿಡಿಯಬೇಕು. ಅಲ್ಲಿಗೆ ತಲುಪುವುದು ಹಗುರವಾದ ಹಣ್ಣು ಹೂಗಳ ಪರಿಮಳ ಮಾತ್ರ. ಆಮೇಲೆ ತುಟಿಯ ಬಳಿಗೆ, ಕೊನೆಗೆ ಲೋಟದ ಅಂಚಿಗೆ ಮೂಗನ್ನು ತಂದು, ಬಾಯಿಯನ್ನು ತುಸುವೇ ತೆರೆದುಕೊಂಡು, ಚಿಕ್ಕ ಚಿಕ್ಕ ಉಸಿರು ಎಳೆದುಕೊಳ್ಳಬೇಕು. ಬಾಯಿ ತೆರೆದಿದ್ದರೆ ಘಾಟು ಅರ್ಧಕ್ಕರ್ಧ ತಗ್ಗಿದಂತಾಗುತ್ತದೆ. ಒಂದು ಹೊಳ್ಳೆಯಿಂದ ಒಮ್ಮೆ, ಇನ್ನೊಂದರಿಂದ ಒಮ್ಮೆ ಮೂಸಿ ನೋಡಿ; ಸಾಮಾನ್ಯವಾಗಿ ಎರಡು ಹೊಳ್ಳೆಗಳು ಸಮನಾಗಿ ತೆರೆದಿರುವುದಿಲ್ಲ. ಮೂಗು ದಣಿಯಿತೆನಿಸಿದಾಗ ನಿಮ್ಮದೇ ಮೊಳಕೈಯ ಚರ್ಮವನ್ನು ಮೂಸಿದರೆ ಅದು ಮತ್ತೆ ಹದಕ್ಕೆ ಬರುತ್ತದೆ. ಐದು ನಿಮಿಷ, ಹತ್ತು ನಿಮಿಷ, ಇಪ್ಪತ್ತು ನಿಮಿಷ ಕಳೆದಂತೆ ಅದೇ ಲೋಟ ಬದಲಾಗುತ್ತ ಹೋಗುವುದನ್ನು ಕಾಣಬಹುದು. ನನ್ನ ಅನುಭವದಲ್ಲಿ ಮೂಗಿಗೆ ಕೊಡುವ ಸಮಯ ಬಾಯಿಗೆ ಕೊಡುವುದರ ನಾಲ್ಕು ಪಟ್ಟಾದರೂ ಇರಬೇಕು. ಬ್ಲೆಂಡ್ ತಯಾರಿಸುವ ವೃತ್ತಿಪರರು ಬಹುಪಾಲು ಕೆಲಸವನ್ನು ನುಂಗದೆ, ಮೂಸಿಯೇ ಮುಗಿಸುತ್ತಾರೆ.

ಈಗ ಪದಗಳ ವಿಷಯ. ಸ್ಕಾಚ್ ವಾಸನೆಗಳಿಗೊಂದು ಚಕ್ರಾಕಾರದ ಪಟ್ಟಿಯನ್ನು ಸ್ಕಾಟ್ಲೆಂಡಿನ ಪೆಂಟ್‌ಲ್ಯಾಂಡ್ಸ್ ವಿಸ್ಕಿ ಸಂಶೋಧನಾ ಸಂಸ್ಥೆ 1979ರಲ್ಲಿ ರೂಪಿಸಿತು. ಹಣ್ಣಿನದು, ಹೊಗೆಯದು, ಧಾನ್ಯದ್ದು, ಮರದ್ದು, ಗಂಧಕದ್ದು ಎಂದು ಗುಂಪುಗಳಾಗಿ ವಿಂಗಡಿಸಿರುವ ಆ ಚಕ್ರ ಕಲಿಯುವವರಿಗೆ ಉಪಯುಕ್ತವೇ ಹೌದು. ಆದರೆ ಅದರ ಹೊರಸುತ್ತಿನ ಹೋಲಿಕೆಗಳನ್ನು ಎರವಲು ತರುವ ಬದಲು, ಕನ್ನಡದಲ್ಲಿ ವಾಸನೆಗೂ ರುಚಿಗೂ ಇರುವ ಮಾತುಗಳನ್ನು ಬಳಸಿದರೆ ಬರೆದುದು ಹೆಚ್ಚು ಖಚಿತವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಮೂಗಿನ ಒಳಗೋಡೆಗೆ ತಾಗಿ ಕೆಮ್ಮು ಬರಿಸುವುದು ಘಾಟು. ಹಳತಾದ ಎಣ್ಣೆಯದು ಕಮಟು. ಗಾಳಿ ಬೆಳಕು ಕಾಣದ ಕೋಣೆಯದು ಮುಗ್ಗಲು. ತಳ ಹಿಡಿದ ಪಾತ್ರೆಯದು ಸೀದ ವಾಸನೆ. ಬೇಯದ ಹಿಟ್ಟಿನದು ಹಸಿ ವಾಸನೆ. ಕಾಯಿಯ ಸಿಪ್ಪೆಯನ್ನು ಕಚ್ಚಿದಾಗ ನಾಲಿಗೆಯನ್ನು ಹಿಡಿದೆಳೆಯುವುದು ಒಗರು. ಒಂದು ವಸ್ತುವಿಗೆ ಅದರದೇ ಎನ್ನುವಂತೆ ಅಂಟಿಕೊಂಡಿರುವ ಕಂಪು ಸೊಗಡು. ಇವುಗಳಲ್ಲಿ ಒಂದೊಂದೂ ವಿಸ್ಕಿಯಲ್ಲಿ ಒಂದೊಂದು ಕಾರಣವನ್ನು ತೋರಿಸಬಲ್ಲದು: ಎಳೆಯ ವಿಸ್ಕಿಯಲ್ಲಿ ಧಾನ್ಯದ ಹಸಿ ವಾಸನೆ ಹೆಚ್ಚು, ಐರೋಪ್ಯ ಓಕ್ ಮರದಲ್ಲಿ ಬಹುಕಾಲ ಕೂತದ್ದರಲ್ಲಿ ಟ್ಯಾನಿನ್ನಿನ ಒಗರು ಹೆಚ್ಚು. 'ತುಂಬಾ ಸ್ಮೂತ್ ಆಗಿದೆ' ಎಂದು ಬರೆದರೆ ಆರು ತಿಂಗಳ ನಂತರ ಅದರಿಂದ ಏನೂ ತಿಳಿಯುವುದಿಲ್ಲ. 'ಘಾಟಿಲ್ಲ, ಕೊನೆಯಲ್ಲಿ ಸಣ್ಣ ಒಗರು' ಎಂದು ಬರೆದರೆ ವಿಸ್ಕಿ ಹಾಗೆಯೇ ಕಣ್ಣೆದುರು ನಿಲ್ಲುತ್ತದೆ.

ಹೋಲಿಕೆ ಹೊಳೆಯದೆ ಇದ್ದಾಗ ಅದು ಎಲ್ಲಿಂದ ಬಂದಿರಬಹುದೆಂದು ಕೇಳಿಕೊಳ್ಳುವುದು ಒಳ್ಳೆಯ ಉಪಾಯ. ಹಣ್ಣಿನ ಪರಿಮಳವಾದರೆ ಅದು ಬಹುಮಟ್ಟಿಗೆ ಹುಳಿಬರುವಾಗ ಯೀಸ್ಟ್ ಉಂಟುಮಾಡಿದ ಎಸ್ಟರುಗಳೆಂಬ ಸುವಾಸನೆಯ ಸಂಯುಕ್ತಗಳದು. ಬಾಳೆಹಣ್ಣಿನ ಕಂಪಿಗೆ ಕಾರಣವಾಗುವ ಐಸೊಅಮೈಲ್ ಅಸಿಟೇಟ್ ಅಂಥದೊಂದು. ವೆನಿಲ್ಲಾ ಮತ್ತು ತೆಂಗಿನಕಾಯಿ ಮರದಿಂದ ಬಂದವು, ಅದರಲ್ಲಿಯೂ ತೆಂಗಿನ ಕಂಪು ಕೊಡುವ ಲ್ಯಾಕ್ಟೋನ್ ಅಮೆರಿಕದ ಓಕ್‌ನಲ್ಲಿ ಹೆಚ್ಚು. ಗೀರಿದ ಬೆಂಕಿಕಡ್ಡಿಯ ವಾಸನೆ ಗಂಧಕದ್ದು. ಹಂಡೆಯ ತಾಮ್ರ ಅದನ್ನು ಸಾಕಷ್ಟು ಹೀರಿಕೊಳ್ಳದಿದ್ದರೆ, ಅಥವಾ ಪೀಪಾಯಿ ಕೆಡದಿರಲೆಂದು ಒಳಗೆ ಗಂಧಕ ಉರಿಸಿದ್ದರೆ, ಅದು ಬಾಟಲಿಯವರೆಗೂ ಉಳಿದುಬಿಡುತ್ತದೆ. ಕೆಲವರಿಗೆ ಈ ಗಂಧಕ ಒಂದಿಷ್ಟೂ ಕಾಣುವುದಿಲ್ಲ, ಕೆಲವರಿಗೆ ಅದರಿಂದಲೇ ಇಡೀ ಲೋಟ ಕೆಡುತ್ತದೆ. ನಾನು ಎರಡನೆಯ ಗುಂಪಿನವನು.

ಬಾಯಿಗೆ ಮೊದಲ ಗುಟುಕನ್ನು ಟಿಪ್ಪಣಿಗಾಗಿ ತೆಗೆದುಕೊಳ್ಳಬಾರದು, ಅದು ನಾಲಿಗೆಯನ್ನು ಸಿದ್ಧಪಡಿಸಲು ಮಾತ್ರ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರಗಳನ್ನೇ ಮದ್ಯಸಾರವೂ ಕೆಣಕುವುದರಿಂದ ಆ ಗುಟುಕಿನಲ್ಲಿ ಉರಿಯಲ್ಲದೆ ಬೇರೇನೂ ತಿಳಿಯುವುದಿಲ್ಲ. ಎರಡನೆಯ ಗುಟುಕು ಚಹದ ಚಮಚದ ಅರ್ಧದಷ್ಟಿರಲಿ. ಅದನ್ನು ನಾಲಿಗೆಯ ಮೇಲೆ ಹರಡಿ, ಒಸಡುಗಳಿಗೂ ಅಂಗುಳಕ್ಕೂ ತಾಗಿಸಿ, ಜೊಲ್ಲಿನೊಡನೆ ಬೆರೆಯುವವರೆಗೆ ಹತ್ತು ಸೆಕೆಂಡಾದರೂ ಇಟ್ಟುಕೊಂಡು, ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಬೇಕು. ರುಚಿಯೆಂದು ನಾವು ಕರೆಯುವುದರ ಬಹುಭಾಗ ಈ ಉಸಿರಿನಲ್ಲಿಯೇ ಇದೆ. ಗಂಟಲ ಹಿಂಭಾಗದಿಂದ ಮೂಗಿಗೆ ಏರುವ ವಾಸನೆಯೇ ರುಚಿಯಾಗಿ ತೋರುತ್ತದೆ. ಗಮನಿಸಬೇಕಾದದ್ದು ಮೂರು: ಬಾಯಿಗೆ ಅದು ತೆಳುವೋ ದಪ್ಪವೋ ಜಿಡ್ಡೋ, ನಡುವೆ ಯಾವ ರುಚಿ ಯಾವುದನ್ನು ಹಿಂದಿಕ್ಕಿತು, ನುಂಗಿದ ಮೇಲೆ ಏನು ಎಷ್ಟು ಹೊತ್ತು ಉಳಿಯಿತು. ಈ ಉಳಿರುಚಿಯನ್ನು ಗಡಿಯಾರ ನೋಡಿ ಅಳೆಯುವುದು ನನ್ನ ಅಭ್ಯಾಸ. ಕೆಲವು ವಿಸ್ಕಿಗಳದು ಹದಿನೈದು ಸೆಕೆಂಡಿಗೇ ಮುಗಿಯುತ್ತದೆ, ಕೆಲವುಗಳ ಬೂದಿ ಮೂರು ನಿಮಿಷದ ಮೇಲೂ ನಾಲಿಗೆಯ ಬುಡದಲ್ಲಿ ಕೂತಿರುತ್ತದೆ.

ನೀರು ಬೆರೆಸುವುದು ವಿಸ್ಕಿಗೆ ಮಾಡುವ ಅವಮಾನವೆಂಬ ನಂಬಿಕೆಯನ್ನು ಮೊದಲು ಕೈಬಿಡಬೇಕು. ಬ್ಲೆಂಡ್ ತಯಾರಕರು ಮಾದರಿಗಳನ್ನು ಸಾಮಾನ್ಯವಾಗಿ ಶೇ. 20ರ ಆಸುಪಾಸಿಗೆ ಇಳಿಸಿಯೇ ಮೂಸುತ್ತಾರೆ. ಹೊಗೆಯ ವಾಸನೆಗೆ ಕಾರಣವಾದ ಗ್ವಾಯಕಾಲ್ ಎಂಬ ಸಂಯುಕ್ತವನ್ನು ಕುರಿತು ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಅಧ್ಯಯನದಲ್ಲಿ, ಮದ್ಯಸಾರ ಶೇ. 45ರವರೆಗೆ ಇದ್ದಾಗ ಆ ಅಣುಗಳು ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತವೆ, ಮದ್ಯಸಾರ ಬಹಳ ಹೆಚ್ಚಿದಾಗ ಒಳಗೇ ಕರಗಿ ಉಳಿಯುತ್ತವೆ ಎಂದು ಕಂಡುಬಂತು. ಮೂಗಿಗೆ ಇದು ಬರಿಯ ಲೆಕ್ಕಾಚಾರವಲ್ಲ. ಶೇ. 60ರ ಗ್ಲೆನ್‌ಫಾರ್ಕ್ಲಸ್ 105 ಅನ್ನು ಹಾಗೆಯೇ ಮೂಸಿದಾಗ ನನಗೆ ಸಿಗುವುದು ವಾರ್ನಿಷ್ ಮತ್ತು ಘಾಟು. 20 ಮಿಲಿಲೀಟರಿಗೆ 6 ಮಿಲಿಲೀಟರು ನೀರು ಸೇರಿಸಿ ಸುಮಾರು ಶೇ. 46ಕ್ಕೆ ತಂದಾಗ ಒಣದ್ರಾಕ್ಷಿ, ಕಿತ್ತಳೆಯ ಸಿಪ್ಪೆ, ಸುಟ್ಟ ಸಕ್ಕರೆಯ ಪಾಕ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ನೀರನ್ನು ಲೋಟದಿಂದ ಸುರಿಯದೆ ಹನಿಗೊಳವೆಯಿಂದಲೋ ಚಮಚದಿಂದಲೋ ಹಾಕಬೇಕು, ಪ್ರತಿ ಬಾರಿಯೂ ಎರಡು ನಿಮಿಷ ಕಾಯಬೇಕು, ಎಷ್ಟು ಹಾಕಿದಿರೆಂಬುದನ್ನು ಬರೆಯಬೇಕು. ಶೇ. 40ರ ವಿಸ್ಕಿಗೆ ಒಂದೆರಡು ಹನಿಗಿಂತ ಹೆಚ್ಚು ಬೇಡ. ಅದರಲ್ಲಿ ಆಗಲೇ ಬೇಕಾದಷ್ಟು ನೀರಿದೆ.

ಒಂದೇ ವಿಸ್ಕಿಯನ್ನು ಮುಂದಿಟ್ಟುಕೊಂಡು ಬರೆಯುವುದು ಎಲ್ಲಕ್ಕಿಂತ ಕಷ್ಟ. ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಮಾತು ತಾನಾಗಿ ಬರುತ್ತದೆ. ಹೊಸಬರಿಗೆ ನಾನು ಮೊದಲು ಸೂಚಿಸುವ ಜೋಡಿ ಗ್ಲೆನ್‌ಮೊರಂಜಿ ಒರಿಜಿನಲ್ ಮತ್ತು ಗ್ಲೆನ್‌ಫಾರ್ಕ್ಲಸ್ 15. ಗ್ಲೆನ್‌ಮೊರಂಜಿಯ ಹಂಡೆಗಳು ಸ್ಕಾಟ್ಲೆಂಡಿನಲ್ಲಿಯೇ ಅತಿ ಎತ್ತರದವು, ಅವುಗಳ ಕೊರಳೇ 5 ಮೀಟರಿಗೂ ಉದ್ದ. ಭಾರವಾದ ಆವಿ ಅಷ್ಟೆತ್ತರ ಏರಲಾರದೆ ಮರಳಿ ಕೆಳಗಿಳಿಯುವುದರಿಂದ ಹಗುರವಾದುದು ಮಾತ್ರ ಆಚೆ ದಾಟುತ್ತದೆ. ಮಾಗುವುದು ಬರ್ಬನ್ ಎಂಬ ಅಮೆರಿಕದ ವಿಸ್ಕಿ ತುಂಬಿದ್ದ ಪೀಪಾಯಿಗಳಲ್ಲಿ. ನನ್ನ ಪುಸ್ತಕದಲ್ಲಿ ಇದಕ್ಕೆ ಇರುವ ಸಾಲು: 'ಕಿತ್ತಳೆಯ ಸಿಪ್ಪೆಯನ್ನು ಚಿವುಟಿದಾಗ ಚಿಮ್ಮುವ ಎಣ್ಣೆ, ವೆನಿಲ್ಲಾ, ಜೇನು, ಬೇಗ ಮುಗಿಯುತ್ತದೆ, ಮುಗಿದದ್ದಕ್ಕೆ ಬೇಸರವಾಗುತ್ತದೆ.' ಗ್ಲೆನ್‌ಫಾರ್ಕ್ಲಸ್‌ನಲ್ಲಿ ಹಂಡೆಗಳನ್ನು ಈಗಲೂ ನೇರ ಉರಿಯಿಂದ ಕಾಯಿಸುತ್ತಾರೆ, ಮಾಗಿಸುವುದು ಶೆರಿಯ ಪೀಪಾಯಿಗಳಲ್ಲಿ. 1980ರ ದಶಕದಲ್ಲಿ ಶೆರಿಯನ್ನು ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಸಾಗಿಸುವ ಪದ್ಧತಿ ನಿಂತುಹೋದ ಮೇಲೆ, ವಿಸ್ಕಿಗೆಂದೇ ಹೊಸ ಪೀಪಾಯಿಗಳಿಗೆ ಶೆರಿ ತುಂಬಿ ಹದಮಾಡಿಸುವುದು ಉದ್ಯಮದ ರೂಢಿಯಾಗಿದೆ. ಇದರ ಸಾಲು: 'ಒಣದ್ರಾಕ್ಷಿ, ಹುರಿದ ಬಾದಾಮಿ, ಹಳೆಯ ಚರ್ಮದ ಚೀಲ, ಒಗರು ಒಸಡಿನ ಮೇಲೆ ನಿಲ್ಲುತ್ತದೆ.' ಒಂದರ ನಂತರ ಒಂದನ್ನು ಮೂರು ಬಾರಿ ಮೂಸಿದವರಿಗೆ ಪೀಪಾಯಿ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಹೊಗೆಯ ವಿಷಯದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಜೌಗುನೆಲದಲ್ಲಿ ಶತಮಾನಗಳ ಕಾಲ ಅರೆಕೊಳೆತು ಒತ್ತಾದ ಸಸ್ಯರಾಶಿಯೇ ಪೀಟ್. ಅದನ್ನು ಕತ್ತರಿಸಿ ಒಣಗಿಸಿ ಉರಿಸಿ, ಮೊಳಕೆಯೊಡೆದ ಒದ್ದೆ ಬಾರ್ಲಿಗೆ ಆ ಹೊಗೆಯನ್ನು ಹಿಡಿಸುತ್ತಾರೆ. ಧಾನ್ಯಕ್ಕಂಟಿದ, ಹೊಗೆಯ ವಾಸನೆ ಕೊಡುವ ಫೀನಾಲುಗಳನ್ನು ದಶಲಕ್ಷಕ್ಕೆ ಇಷ್ಟು ಎಂದು ಅಳೆಯುವುದು ರೂಢಿ: ಐಲಾ ದ್ವೀಪದ ಭಟ್ಟಿಗಳಲ್ಲಿ ಆರ್ಡ್‌ಬೆಗ್‌ನದು 50ಕ್ಕೂ ಮೇಲೆ, ಲಫ್ರಾಯ್ಗ್‌ನದು 40ರ ಆಸುಪಾಸು, ಲಗವೂಲಿನ್ನಿನದು 35, ಬೋಮೋರಿನದು 25. ಈ ಅಂಕಿಗಳನ್ನು ನೋಡಿ ಹೊಗೆಯ ತೀವ್ರತೆಯನ್ನು ಊಹಿಸುವುದು ಬಹುಜನರು ಮಾಡುವ ತಪ್ಪು. ಇವು ಧಾನ್ಯದ ಅಳತೆಗಳು, ಲೋಟದಲ್ಲಿರುವ ವಿಸ್ಕಿಯದಲ್ಲ. ಭಟ್ಟಿಯಿಳಿಸುವಾಗ ಅದರಲ್ಲಿ ದೊಡ್ಡ ಪಾಲು ಕಳೆದುಹೋಗುತ್ತದೆ, ಪೀಪಾಯಿಯಲ್ಲಿ ಕೂತಷ್ಟೂ ಇನ್ನಷ್ಟು ಮೆತ್ತಗಾಗುತ್ತದೆ. ಇದನ್ನು ಮನದಟ್ಟು ಮಾಡಿಕೊಳ್ಳಲು ಲಗವೂಲಿನ್ 16 ಮತ್ತು ಕಲ್ ಈಲಾ 12ರ ಜೋಡಿಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ಎರಡೂ ಐಲಾ ದ್ವೀಪದವು, ಎರಡಕ್ಕೂ ಧಾನ್ಯ ಬರುವುದು ಅದೇ ದ್ವೀಪದಲ್ಲಿ ಬಾರ್ಲಿಗೆ ಮೊಳಕೆ ಬರಿಸುವ ಪೋರ್ಟ್ ಎಲನ್ ಮಾಲ್ಟಿಂಗ್ಸ್‌ನಿಂದ, ಹೊಗೆಯ ಮಟ್ಟವೂ ಹೆಚ್ಚುಕಡಿಮೆ ಒಂದೇ, ಬಾಟಲಿಯ ಮದ್ಯಸಾರವೂ ಎರಡರದು ಶೇ. 43. ಆದರೂ ಲಗವೂಲಿನ್ ಬೂದಿ, ಅಂಜೂರ, ದಪ್ಪ ಜಿಡ್ಡು. ಕಲ್ ಈಲಾ ನಿಂಬೆ, ಸಮುದ್ರದ ಉಪ್ಪುಗಾಳಿ, ದೂರದಲ್ಲೆಲ್ಲೋ ಉರಿದ ಕಟ್ಟಿಗೆ. ಕಲ್ ಈಲಾದ ದೊಡ್ಡ ಹಂಡೆಗಳನ್ನು ತುಂಬಿಸದೆ ಮೇಲೆ ಹೆಚ್ಚು ಜಾಗ ಬಿಡುವುದರಿಂದ ಆವಿ ತಾಮ್ರದೊಡನೆ ಬಹಳ ಹೊತ್ತು ಇದ್ದು ತೆಳುವಾಗುತ್ತದೆ. ಒಂದೇ ಹೊಗೆ ಎರಡು ಹಂಡೆಗಳಲ್ಲಿ ಎರಡಾಯಿತು.

10 ವರ್ಷದ ಲಫ್ರಾಯ್ಗ್ ಅನ್ನು ಮೊದಲ ಬಾರಿ ಮೂಸಿದವರಲ್ಲಿ ಮುಖ ಸಿಂಡರಿಸದವರನ್ನು ನಾನು ಕಂಡಿಲ್ಲ. ಟಿಂಕ್ಚರ್ ಅಯೋಡಿನ್, ಹೊಸ ಬ್ಯಾಂಡೇಜ್, ಡಾಂಬರು, ಸಮುದ್ರದ ಪಾಚಿ: ಇದನ್ನು ಬರೆಯುವಾಗ ನಯವಾದ ಮಾತು ಹುಡುಕಬಾರದು, ಆಸ್ಪತ್ರೆಯೆಂದರೆ ಆಸ್ಪತ್ರೆಯೆಂದೇ ಬರೆಯಬೇಕು. ಅದರ ಹಿಂದಿನಿಂದ ಒಂದು ಸಿಹಿ ಬರುತ್ತದೆ, ಅದಕ್ಕಾಗಿ ಕಾಯಬೇಕು. ಹೊಗೆ ಎಲ್ಲೆಡೆಯೂ ಹೀಗೆಯೇ ಇರುವುದಿಲ್ಲ. ಆರ್ಕ್ನಿ ದ್ವೀಪಗಳಲ್ಲಿ ಮರಗಳು ವಿರಳ, ಅಲ್ಲಿನ ಪೀಟ್‌ನಲ್ಲಿ ಹೀದರ್ ಗಿಡದ ಅಂಶವೇ ಹೆಚ್ಚು. ಹೈಲೆಂಡ್ ಪಾರ್ಕ್ 12ರ ಹೊಗೆಯಲ್ಲಿ ಆಸ್ಪತ್ರೆಯ ಸುಳಿವಿಲ್ಲ, ಒಣಹುಲ್ಲು ಹೊತ್ತಿಕೊಂಡಂತಹ ಮೆದು ಹೊಗೆ ಅದು. ಸ್ಕೈ ದ್ವೀಪದ ಟ್ಯಾಲಿಸ್ಕರ್ 10ರದು ಬೇರೆಯೇ ಬಗೆ, ಶೇ. 45.8ರ ಆ ವಿಸ್ಕಿಯನ್ನು ನುಂಗಿದ ಎರಡು ಕ್ಷಣಗಳ ನಂತರ ಗಂಟಲಲ್ಲಿ ಕರಿಮೆಣಸು ಸಿಡಿದಂತಾಗುತ್ತದೆ. ಅದನ್ನು ಮದ್ಯದ ಉರಿಯೆಂದು ತಪ್ಪು ತಿಳಿಯಬಾರದು, ನೀರು ಬೆರೆಸಿದರೂ ಅದು ಹೋಗುವುದಿಲ್ಲ.

ಪ್ರದೇಶಗಳ ಹೆಸರನ್ನು ನೆಚ್ಚಿಕೊಂಡು ಬರೆಯುವವರಿಗೆ ಒಂದು ಎಚ್ಚರಿಕೆ. ಕಾನೂನು ಹೈಲೆಂಡ್, ಲೋಲೆಂಡ್, ಸ್ಪೇಸೈಡ್, ಐಲಾ, ಕ್ಯಾಂಬೆಲ್‌ಟೌನ್ ಎಂಬ ಐದು ಹೆಸರುಗಳನ್ನು ಕಾಪಾಡುತ್ತದೆಯೇ ಹೊರತು ಅವುಗಳ ರುಚಿಯನ್ನಲ್ಲ. ಐಲಾ ಎಂದರೆ ಹೊಗೆ ಎಂದುಕೊಂಡವರು ಅಲ್ಲಿನ ಬುನ್ನಹಾವನ್ 12 ಅಥವಾ ಬ್ರೂಕ್‌ಲಾಡಿಯ ಕ್ಲಾಸಿಕ್ ಲಾಡಿಯನ್ನು ಮೂಸಿದರೆ ಸಾಕು. ಎರಡೂ ಹೊಗೆಯಿಲ್ಲದ ಧಾನ್ಯದವು. ಕ್ಯಾಂಬೆಲ್‌ಟೌನಿನ ಸ್ಪ್ರಿಂಗ್‌ಬ್ಯಾಂಕ್ ಇನ್ನೂ ಒಳ್ಳೆಯ ಉದಾಹರಣೆ. 1828ರಲ್ಲಿ ಆರಂಭವಾದ ಆ ಭಟ್ಟಿಯೊಂದೇ ಮೂರು ಬಗೆಯ ವಿಸ್ಕಿ ಇಳಿಸುತ್ತದೆ: ಹೊಗೆಯಿಲ್ಲದ, ಮೂರು ಬಾರಿ ಭಟ್ಟಿಯಿಳಿಸಿದ ಹೇಝಲ್‌ಬರ್ನ್, ಅಲ್ಪ ಹೊಗೆಯ, ಎರಡೂವರೆ ಬಾರಿ ಇಳಿಸಿದುದೆಂದು ಅವರೇ ಹೇಳುವ ಸ್ಪ್ರಿಂಗ್‌ಬ್ಯಾಂಕ್, ದಟ್ಟ ಹೊಗೆಯ, ಎರಡು ಬಾರಿ ಇಳಿಸಿದ ಲಾಂಗ್‌ರೋ. ಮೂರನ್ನೂ ಸಾಲಾಗಿಟ್ಟು ಸವಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಮೂರರಲ್ಲಿಯೂ ಅಡಿಯಲ್ಲೆಲ್ಲೋ ಒಂದು ಎಣ್ಣೆಜಿಡ್ಡು, ತುಸು ಕಮಟು, ಒದ್ದೆಯಾದ ಸಣಬಿನ ಚೀಲದ ವಾಸನೆ ಸಮಾನವಾಗಿ ಸಿಗುತ್ತದೆ. ನಾನು ಸೊಗಡು ಎಂದದ್ದು ಇದನ್ನೇ. ಉತ್ತರ ಹೈಲೆಂಡಿನ ಕ್ಲೈನ್‌ಲೀಷ್ 14ರಲ್ಲಿ ಆ ಸೊಗಡು ಮೇಣದ್ದು. ಆರಿಸಿದ ಮೇಣದಬತ್ತಿಯನ್ನು ಮೂಸಿ, ಆಮೇಲೆ ಈ ವಿಸ್ಕಿಯನ್ನು ಮೂಸಿದರೆ ಸಂಬಂಧ ತಿಳಿಯುತ್ತದೆ. ಭಟ್ಟಿಯ ತೊಟ್ಟಿಗಳಲ್ಲಿ ಕಟ್ಟಿಕೊಳ್ಳುವ ಮೇಣದಂಥ ಪದರವನ್ನು ಅಲ್ಲಿನವರು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಅದನ್ನು ಉಜ್ಜಿ ತೆಗೆದರೆ ವಿಸ್ಕಿಯ ಮೇಣವೂ ಹೋಗುತ್ತದೆ.

ಬ್ಲೆಂಡುಗಳನ್ನು ಪುಸ್ತಕದಿಂದ ಹೊರಗಿಡುವ ಅಹಂಕಾರ ನನಗೂ ಇತ್ತು. ಅದು ಇಳಿದದ್ದು ಹೀಗೆ: ಮನೆಯವರು ನನಗೆ ತಿಳಿಯದಂತೆ ನಾಲ್ಕು ಲೋಟಗಳಿಗೆ ಸುರಿದು, ಅಡಿಗೆ ಅಂಕಿಯ ಚೀಟಿ ಅಂಟಿಸಿ ಕೊಟ್ಟರು. ಎರಡನೆಯ ಲೋಟದ ಮುಂದೆ ನಾನು 'ಸಮತೋಲ ಚೆನ್ನಾಗಿದೆ, ಹಿತವಾದ ಹೊಗೆ, ಒಣಹಣ್ಣು, 15 ವರ್ಷದ ಹೈಲೆಂಡ್ ಮಾಲ್ಟ್ ಇರಬಹುದು' ಎಂದು ಬರೆದು ಎಲ್ಲಕ್ಕಿಂತ ಹೆಚ್ಚು ಅಂಕ ಕೊಟ್ಟೆ. ಚೀಟಿ ಬಿಡಿಸಿದಾಗ ಅದು ಜಾನಿ ವಾಕರ್ ಬ್ಲ್ಯಾಕ್ ಲೇಬಲ್. ಹೆಸರು ಕಾಣದಂತೆ ಸವಿಯುವುದನ್ನು ತಿಂಗಳಿಗೊಮ್ಮೆಯಾದರೂ ಮಾಡಬೇಕು. ಒಂದು ಸೂಕ್ಷ್ಮವಿದೆ: ಹೊಗೆಯದೂ ಹೊಗೆಯಿಲ್ಲದ್ದೂ ಒಂದೇ ಸಾಲಿನಲ್ಲಿದ್ದರೆ ಮೊದಲ ಮೂಸಿನಲ್ಲೇ ಗುಟ್ಟು ರಟ್ಟಾಗುತ್ತದೆ, ಆದ್ದರಿಂದ ಒಂದೇ ಬಗೆಯವನ್ನು ಒಟ್ಟಿಗೆ ಇಡಬೇಕು. ಬಣ್ಣವೂ ಕಾಣದಿರಲೆಂದು ನಾನು ಈಗ ನೀಲಿ ಗಾಜಿನ ಲೋಟಗಳನ್ನು ಬಳಸುತ್ತೇನೆ.

ಬರೆಯುವ ಕ್ರಮದಲ್ಲಿ ಹೆಚ್ಚು ವಿಧಿಗಳು ಬೇಡ. ದಿನಾಂಕ, ಪೂರ್ತಿ ಹೆಸರು, ಮದ್ಯಸಾರದ ಪ್ರಮಾಣ, ಬಾಟಲಿಯಲ್ಲಿ ಎಷ್ಟು ಉಳಿದಿದೆ, ಹಾಕಿದ ನೀರು, ಇಷ್ಟು ಇದ್ದರೆ ಮುಂದೆ ಹೋಲಿಸಲು ಸಾಕು. ಬಾಟಲಿಯಲ್ಲಿ ಉಳಿದದ್ದನ್ನು ಏಕೆ ಬರೆಯಬೇಕೆಂದರೆ, ಅರ್ಧಕ್ಕಿಂತ ಕೆಳಗಿಳಿದ ಬಾಟಲಿಯೊಳಗಿನ ಗಾಳಿ ವಿಸ್ಕಿಯನ್ನು ತಿಂಗಳುಗಳಲ್ಲಿ ಬದಲಾಯಿಸುತ್ತದೆ; ಮೊದಲು ಮಂಕಾಗುವುದು ಹಗುರವಾದ ಹಣ್ಣು ಮತ್ತು ಹೊಗೆ. ಬಾಟಲಿಯನ್ನು ನಿಲ್ಲಿಸಿಯೇ ಇಡಬೇಕು, ವೈನಿನಂತೆ ಮಲಗಿಸಿದರೆ ಕಟು ಮದ್ಯಸಾರ ಬಿರಡೆಯನ್ನು ತಿಂದುಹಾಕುತ್ತದೆ. ಅಂಕ ಕೊಡುವುದು ನಿಮ್ಮ ಇಷ್ಟ; ನಾನು ನೂರಕ್ಕೆ ಇಷ್ಟು ಎಂದು ಕೊಡುತ್ತಿದ್ದುದನ್ನು ಬಿಟ್ಟು, 'ಇನ್ನೊಂದು ಬಾಟಲಿ ಕೊಳ್ಳುವೆನೆ' ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಮಾತ್ರ ಬರೆಯುತ್ತೇನೆ. ಬೇರೆಯವರ ಟಿಪ್ಪಣಿಗಳನ್ನು ಓದಬಹುದು, ಆದರೆ ನಿಮ್ಮದನ್ನು ಬರೆದಾದ ಮೇಲೆ. ಒಂದೇ ವಿಸ್ಕಿಯನ್ನು ಕನಿಷ್ಠ ಮೂರು ಬೇರೆ ಬೇರೆ ದಿನ ಸವಿದು, ಹಿಂದಿನದನ್ನು ನೋಡದೆ ಬರೆದು, ಮೂರರಲ್ಲಿಯೂ ಮರಳಿ ಬಂದ ಮಾತುಗಳಿಗೆ ಅಡಿಗೆರೆ ಎಳೆಯಿರಿ. ಉಳಿದದ್ದು ಆ ದಿನದ ಮೂಗಿನದೋ ಮನಸ್ಸಿನದೋ ಆಗಿರುತ್ತದೆ.

ಕೊನೆಯ ಕೆಲಸವನ್ನು ಬೆಳಿಗ್ಗೆಗೆ ಬಿಡಬೇಕು. ರಾತ್ರಿ ಲೋಟಗಳನ್ನು ತೊಳೆಯದೆ ಮೇಜಿನ ಮೇಲೆಯೇ ಬಿಟ್ಟು, ಎದ್ದ ಮೇಲೆ ಹಲ್ಲುಜ್ಜುವ ಮುನ್ನ ಒಂದೊಂದನ್ನೂ ಮೂಸಿ ನೋಡಿ. ಮದ್ಯಸಾರವೆಲ್ಲ ಆರಿ, ತಳದಲ್ಲಿ ಒಣಗಿದ ಕಲೆ ಮಾತ್ರ ಉಳಿದಿರುತ್ತದೆ. ಪೀಪಾಯಿಯ ಮರವೂ ಪೀಟ್‌ನ ಹೊಗೆಯೂ ಯಾವ ಘಾಟಿನ ಅಡ್ಡಿಯಿಲ್ಲದೆ ಆಗ ಸಿಗುತ್ತವೆ. ಮೊನ್ನೆಯ ಪುಟದಲ್ಲಿ ಗ್ಲೆನ್‌ಫಾರ್ಕ್ಲಸ್‌ನ ಲೋಟಕ್ಕೆ 'ಬಡಗಿಯ ಅಂಗಳದ ಮರದ ಹೊಟ್ಟು, ಕೋಕೊ' ಎಂದಿದೆ. ಲಗವೂಲಿನ್ನಿನ ಲೋಟಕ್ಕೆ ಬರೆದದ್ದು ಇಷ್ಟೇ: 'ಒಲೆ ಪೂರ್ತಿ ಆರಿದೆ. ಬೂದಿ ಒಣಗಿದೆ.'